ಸಾಕ್ಷಿಯಿಂದ ಬಿದ್ದುಹೋದ ಹೆಸರು

ನನಗೆ ಸಿಟ್ಟು ಬಂದಿದ್ದು ದೇವರ ಮೇಲಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆಮೇಲೆ ಯಾರೂ ಎಸ್ತೇರಮ್ಮನ ನಂಬಿಕೆ ಕೆಟ್ಟೋಯ್ತು, ಅವಳಿಗೋಸ್ಕರ ಉಪವಾಸ ಪ್ರಾರ್ಥನೆ ಇಡಿ ಅಂತ ಪಾಸ್ಟ್ರ ಹತ್ರ ಓಡಬೇಡಿ. ಸಿಟ್ಟು ಬಂದಿದ್ದು ನಮ್ಮ ಯಜಮಾನರ ಮೇಲೆ. ದೇವರಿಗೆ ಸ್ತೋತ್ರ ಹೇಳ್ತೀನಿ ಅಂತ ಎದ್ದು, ಇಡೀ ಸಭೆ ಮುಂದೆ ಮೈಕು ಹಿಡ್ಕೊಂಡು, ಹಸಿ ಸುಳ್ಳು ಹೇಳಿದ ಆ ಸುವಾರ್ತಪ್ಪನ ಮೇಲೆ.

ನಾವಿರೋದು ದಬ್ಬೇಘಟ್ಟದ ಹತ್ರ, ತೋಟದ ಮನೇಲಿ. ಪಕ್ಕದ ತೋಟ ಗಂಗಾಧರಣ್ಣಂದು. ನಡುವೆ ಬೇಲಿ ಅನ್ನೋದು ಹೆಸರಿಗೆ ಇದೆ. ಬೇಲೀಲಿ ಒಂದು ಕಂಡಿ, ಆ ಕಂಡೀಲಿ ನಾವು ಎರಡು ಮನೆಯೋರು ಓಡಾಡಿ ಓಡಾಡಿ ಅಲ್ಲಿ ಹುಲ್ಲು ಕೂಡ ಹುಟ್ಟಲ್ಲ. ಗಂಗಾಧರಣ್ಣನ ಹೆಂಡತಿ ಪುಟ್ಟಗೌರಮ್ಮ ನನಗೆ ಗೌರಕ್ಕ. ನಾನು ಮದುವೆಯಾಗಿ ಬಂದಾಗಿಂದ ಅವಳು ನನ್ನ ಕರೆಯೋದು ‘ಎಸ್ತ್ರೂ’ ಅಂತ. ಅವರ ಹಸು ಕರು ಹಾಕಿದ್ರೆ ಗಿಣ್ಣು ಮೊದಲು ಬರೋದು ನಮ್ಮ ಮನೆಗೆ. ಕ್ರಿಸ್ಮಸ್ಸಿಗೆ ನಾನು ಕರಿದ ಕರ್ಜಿಕಾಯಿ ಮೊದಲು ಹೋಗೋದು ಅವರ ಮನೆಗೆ. ಅವರು ಶಿವನ ಪೂಜೆ ಮಾಡೋರು, ನಾವು ಭಾನುವಾರ ಬಸ್ಸು ಹತ್ತಿ ತುರುವೇಕೆರೆ ಚರ್ಚಿಗೆ ಹೋಗೋರು. ಅದರಿಂದ ಯಾರಿಗೂ ಯಾವತ್ತೂ ತೊಂದರೆ ಆಗಿರಲಿಲ್ಲ.

ಆಷಾಢದಲ್ಲಿ ಆಗಿದ್ದು ಇದು. ಬೆಳಗಿಂದ ಹಿಡಿದ ಜಡಿಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ನಮ್ಮೋರು ತೋಟದಲ್ಲಿ ಬಿದ್ದ ಕಾಯಿ ಆರಿಸ್ತಿದ್ರು. ಬದುವಿನ ಮೇಲಿನ ಹುಣಸೆ ಮರದಲ್ಲಿ ಹೆಜ್ಜೇನು ಕಟ್ಟಿತ್ತು. ಹದ್ದು ಬಂದು ಬಡೀತೋ ಏನೋ, ಹುಟ್ಟಿಗೆ ಹುಟ್ಟೇ ಎದ್ದುಬಿಡ್ತು. ನಾನು ಪಂಪ್‌ಸೆಟ್ ಹತ್ರ ಬಟ್ಟೆ ಒಗೀತಿದ್ದೆ, ಮೋಟರ್ ಸದ್ದಿನಲ್ಲಿ ನನಗೆ ಒಂದೂ ಕೇಳಿಸಲಿಲ್ಲ. ತಲೆ ಎತ್ತಿ ನೋಡ್ತೀನಿ, ಗಂಗಾಧರಣ್ಣ ಹೆಗಲ ಮೇಲೆ ಏನೋ ಹೊತ್ಕೊಂಡು ಓಡಿ ಬರ್ತಿದಾನೆ. ಕಂಬಳಿ ಸುತ್ತಿದ ಮೂಟೆ. ಆ ಮೂಟೆಯಿಂದ ಎರಡು ಕಾಲು ಈಚೆಗೆ ನೇತಾಡ್ತಿವೆ, ಅದರಲ್ಲಿ ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಅದು ನಮ್ಮೋರ ಚಪ್ಪಲಿ.

ಗಂಗಾಧರಣ್ಣ ಹೊದ್ದಿದ್ದ ಕಂಬಳೀನ ಬಿಚ್ಚಿ ನಮ್ಮೋರಿಗೆ ಸುತ್ತಿದ್ದ. ಅವನ ಮೈಮೇಲೆ ಒಂದು ಬನೀನು ಬಿಟ್ರೆ ಏನೂ ಇರಲಿಲ್ಲ. ತಲೆ, ಕುತ್ತಿಗೆ, ಮುಖ ಎಲ್ಲಾ ಜೇನು ಮುತ್ಕೊಂಡು ಕಪ್ಪಗಾಗಿತ್ತು. ಅವನು ಕೈ ಎತ್ತಿ ಒಂದನ್ನೂ ಓಡಿಸಲಿಲ್ಲ, ಓಡಿಸಿದ್ರೆ ನಮ್ಮೋರು ಕೆಳಗೆ ಬೀಳೋರು. ಗೌರಕ್ಕ ಕೊಟ್ಟಿಗೆ ಬಾಗಿಲಿಗೆ ಹಸಿ ಹುಲ್ಲು ಹೊತ್ತಿಸಿ ಹೊಗೆ ಹಾಕಿದ್ಲು. ಅವಳ ಮಗ ಮೋಹನ ಲಗೇಜ್ ಆಟೋ ತೆಗೆದು ಇಬ್ಬರನ್ನೂ ಹಿಂದೆ ಮಲಗಿಸ್ಕೊಂಡು ತಿಪಟೂರಿನ ಆಸ್ಪತ್ರೆಗೆ ಹೊಡೆದ. ದಾರಿಯುದ್ದಕ್ಕೂ ಗೌರಕ್ಕ ಉಗುರಲ್ಲಿ ಮುಳ್ಳು ಕೀಳ್ತಾನೇ ಇದ್ಲು. ಯಾರ ಮುಖದಿಂದ? ತನ್ನ ಗಂಡನ ಮುಖದಿಂದಲ್ಲ, ನನ್ನ ಗಂಡನ ಮುಖದಿಂದ. ‘ಇವ್ನಿಗೆ ಉಸ್ರು ಸಿಕ್ತಿಲ್ಲ ಕಣೇ, ಅವ್ರದು ತಡೀತದೆ’ ಅಂದ್ಲು.

ತಡೀಲಿಲ್ಲ. ನಮ್ಮೋರು ಬದುಕಿ ಮನೆಗೆ ಬಂದ್ರು. ಗಂಗಾಧರಣ್ಣನೂ ಬದುಕಿದ. ಆದ್ರೆ ಬಲಗಣ್ಣಿನ ಗುಡ್ಡೆಗೇ ಮುಳ್ಳು ಇಳಿದಿತ್ತು. ಡಾಕ್ಟ್ರು ಮುಳ್ಳು ತೆಗೆದ್ರೂ ಮೇಲೆ ಬಿಳಿ ಪೊರೆ ಕೂತುಬಿಡ್ತು. ಆ ಕಣ್ಣಿಗೆ ಈಗ ಬೆಳಕು ಯಾವ ಕಡೆ ಇದೆ ಅನ್ನೋದು ಬಿಟ್ರೆ ಬೇರೇನೂ ಗೊತ್ತಾಗಲ್ಲ.

ಈಗ ನಮ್ಮೋರ ಸಾಕ್ಷಿ ವಿಚಾರಕ್ಕೆ ಬರ್ತೀನಿ. ನಮ್ಮ ಚರ್ಚಲ್ಲಿ ಆರಾಧನೆ ಮಧ್ಯ ಒಂದಷ್ಟು ಹೊತ್ತು ಸಾಕ್ಷಿಗೆ ಅಂತ ಬಿಡ್ತಾರೆ. ದೇವರು ನಮಗೆ ಮಾಡಿದ ಉಪಕಾರ ಏನು ಅಂತ ಎದ್ದು ನಿಂತು ಹೇಳೋದು. ಒಳ್ಳೇ ಪದ್ಧತಿ, ಬೇಡ ಅನ್ನಲ್ಲ. ಆದ್ರೆ ಹೇಳಿ ಹೇಳಿ ಅದಕ್ಕೊಂದು ರಾಗ ಬಂದುಬಿಟ್ಟಿದೆ. ಎಲ್ಲರೂ ಕೈಬಿಟ್ಟಿರಬೇಕು, ಡಾಕ್ಟ್ರು ಆಗಲ್ಲ ಅಂದಿರಬೇಕು, ನೆಂಟರು ಮುಖ ತಿರುಗಿಸಿರಬೇಕು, ಆಗ ಕರ್ತನು ಬರಬೇಕು. ಮನೆ ತುಂಬ ಜನ ಇದ್ದು ಜ್ವರ ಬಂದೋರೂ ಹಾಗೇ ಹೇಳ್ತಾರೆ. ಹಾಗೆ ಹೇಳಿದ್ರೇನೇ ಹಲ್ಲೆಲೂಯ ಜೋರಾಗಿ ಬರೋದು.

ನಮ್ಮೋರು ಮೊದಲನೇ ಸಲ ಹೇಳಿದ್ದು ಮನೆಗೆ ಪ್ರಾರ್ಥನೆಗೆ ಬಂದೋರ ಮುಂದೆ. ಆಗ ಗಂಗಾಧರಣ್ಣನೂ ಇದ್ದ, ಕಂಬಳೀನೂ ಇತ್ತು, ಆಟೋನೂ ಇತ್ತು. ಎರಡನೇ ಸಲ ಇನ್ನೊಬ್ಬರ ಮನೆ ಕೂಟದಲ್ಲಿ ಹೇಳುವಾಗ ಗಂಗಾಧರಣ್ಣ ಹೋಗಿ ‘ಯಾರೋ ಪಕ್ಕದ ತೋಟದವರು’ ಆದ. ಆಮೇಲೆ ‘ಯಾರೋ’ ಆದ. ಆಮೇಲೆ ಆಟೋ ಹೋಯ್ತು, ಡಾಕ್ಟ್ರು ಹೋದ್ರು. ‘ಏನ್ರೀ ಇದು, ಒಂದೊಂದು ಸಲ ಒಬ್ಬೊಬ್ಬರನ್ನ ಇಳಿಸ್ತಾ ಬರ್ತಿದೀರಲ್ಲ, ಬಸ್ಸಾ ಇದು?’ ಅಂತ ನಾನು ಅವತ್ತೇ ಕೇಳ್ದೆ. ‘ಮಹಿಮೆ ದೇವರಿಗೇ ಹೋಗಬೇಕು ಕಣೇ, ನಿಂಗೆ ಅರ್ಥ ಆಗಲ್ಲ’ ಅಂದ್ರು. ನನಗೆ ಅರ್ಥ ಆಗಲ್ವಂತೆ.

ದಸರಾ ಕಳೆದ ಮೇಲೆ ಚರ್ಚಲ್ಲಿ ಕೃತಜ್ಞತಾ ಆರಾಧನೆ ಇಟ್ಕೊಂಡ್ವಿ. ಆರಾಧನೆ ಆದ ಮೇಲೆ ನಮ್ಮ ಕಡೆಯಿಂದ ಎಲ್ಲರಿಗೂ ಊಟ. ಗಂಗಾಧರಣ್ಣ, ಗೌರಕ್ಕ ಬರಲೇಬೇಕು ಅಂತ ನಾನೇ ಕಂಡೀಲಿ ನುಗ್ಗಿ ಹೋಗಿ ಕರೆದು ಬಂದಿದ್ದೆ. ಗೌರಕ್ಕ ರೇಷ್ಮೆ ಸೀರೆ ಉಟ್ಟು ಬಂದ್ಲು. ಗಂಗಾಧರಣ್ಣ ಬಿಳೀ ಪಂಚೆ, ಕಪ್ಪು ಕನ್ನಡಕ. ದೇವರ ಮನೆಗೆ ಬರಿಗೈಲಿ ಹೋಗ್ತಾರೇನೇ ಅಂತ ಗೌರಕ್ಕ ಒಂದು ಹೊಂಬಾಳೆ ತಂದಿದ್ಲು. ಎಲ್ಲಿಡಬೇಕು ಗೊತ್ತಾಗದೆ ಮಡಿಲಲ್ಲೇ ಇಟ್ಕೊಂಡು ಹಿಂದಿನ ಬೆಂಚಲ್ಲಿ ಕೂತ್ಲು.

ನಮ್ಮೋರು ಎದ್ರು, ಮೈಕು ತಗೊಂಡ್ರು. ‘ಪ್ರಿಯರೇ, ಆ ತೋಟದಲ್ಲಿ ನನಗೆ ಯಾರೂ ಇರಲಿಲ್ಲ. ಒಬ್ಬ ಮನುಷ್ಯನ ಸಹಾಯವೂ ನನಗೆ ಸಿಗಲಿಲ್ಲ. ಸಾಯುವ ಸ್ಥಿತಿಯಲ್ಲಿ ನಾನು ಕರ್ತನ ನಾಮವನ್ನು ಮಾತ್ರ ಕೂಗಿದೆನು. ಆತನು ಜೇನುಗಳ ಬಾಯನ್ನು ಕಟ್ಟಿದನು. ಸ್ತೋತ್ರ!’

ಎಲ್ಲರೂ ಹಲ್ಲೆಲೂಯ ಅಂದ್ರು. ಅಷ್ಟು ಜೋರಾದ ಹಲ್ಲೆಲೂಯ ನಾನು ಈಸ್ಟರಲ್ಲೂ ಕೇಳಿಲ್ಲ. ನಾನು ಹಿಂದಕ್ಕೆ ತಿರುಗಿ ನೋಡ್ದೆ. ಗಂಗಾಧರಣ್ಣ ಕನ್ನಡಕ ತೆಗೆದು ಪಂಚೆ ಅಂಚಲ್ಲಿ ಒರೆಸಿ ಮತ್ತೆ ಹಾಕ್ಕೊಂಡ. ಗೌರಕ್ಕ ಹೊಂಬಾಳೆ ಕಡೆ ನೋಡ್ತಾ ಕೂತಿದ್ಲು. ನನ್ನ ಮೈಯೆಲ್ಲ ಉರಿದುಹೋಯ್ತು. ಎದ್ದು ಆ ಮೈಕು ಕಿತ್ಕೋಬೇಕು ಅನ್ನಿಸ್ತು. ಅಷ್ಟರಲ್ಲಿ ಹಾಡು ಶುರು ಮಾಡಿಬಿಟ್ರು.

ಗೌರಕ್ಕನ ಮನೆಯೋರು ಮಾಂಸ ಮುಟ್ಟಲ್ಲ ಅಂತ ಬೇರೆ ಪಾತ್ರೇಲಿ ತರಕಾರಿ ಪಲಾವು ಮಾಡಿಸಿದ್ದೆ. ಬಡಿಸೋಕೆ ಹೋದ್ರೆ ಗೌರಕ್ಕ ‘ಒಂಚೂರು ಮೊಸರನ್ನ ಹಾಕಮ್ಮ, ಸಾಕು’ ಅಂದ್ಲು. ಹಾಕೇ ಅನ್ನಲಿಲ್ಲ, ಹಾಕಮ್ಮ ಅಂದ್ಲು. ಹೊರಡುವಾಗ ಕೈ ಮುಗಿದು ‘ಬರ್ತೀವಿ ಎಸ್ತೇರಮ್ಮನೋರೆ, ಚೆನ್ನಾಗಿತ್ತು ನಿಮ್ಮ ಪೂಜೆ’ ಅಂದ್ಲು. ಎಸ್ತೇರಮ್ಮನೋರೆ! ಕೆನ್ನೆಗೆ ಬಾರಿಸಿದ್ರೂ ಅಷ್ಟು ಉರೀತಿರಲಿಲ್ಲ. ಹೊಂಬಾಳೆ ಬೆಂಚಿನ ಮೇಲೇ ಉಳಿದಿತ್ತು, ನಾನೇ ತಗೊಂಡು ಬಂದೆ.

ಅವತ್ತು ಸಂಜೆ ನಮ್ಮೋರು ಊಟಕ್ಕೆ ಕೂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ್ರು. ‘ಈ ಆಹಾರ ಕೊಟ್ಟಿದ್ದಕ್ಕೆ ಸ್ತೋತ್ರ, ಆಮೆನ್’ ಅಂತ ಕಣ್ಣು ಬಿಟ್ರೆ ಮುಂದೆ ಖಾಲಿ ತಟ್ಟೆ.

‘ಎಲ್ಲೇ ಮುದ್ದೆ?’

‘ಬರುತ್ತೆ ಇರು. ಮನುಷ್ಯರ ಕೈ ಇಲ್ಲದೇ ಬರೋ ಮುದ್ದೆ ಅದು, ತಡ ಆಗುತ್ತೆ’ ಅಂದೆ. ನಲವತ್ತು ವರ್ಷ ಹತ್ತಿರ ಬಂತು ಮದುವೆಯಾಗಿ, ಅವತ್ತೇ ಮೊದಲ ಸಲ ನಾನು ಗಂಡನಿಗೆ ಇರಿ ಅನ್ನದೆ ಇರು ಅಂದಿದ್ದು.

‘ಹುಚ್ಚು ಹಿಡಿದಿದೆಯಾ ನಿಂಗೆ?’

‘ಹೂಂ, ಹಿಡಿದಿದೆ. ಒಬ್ಬ ಮನುಷ್ಯನ ಸಹಾಯವೂ ಸಿಗಲಿಲ್ಲ ಅಂದ್ಯಲ್ಲ, ಆ ಮನುಷ್ಯ ಹಿಂದಿನ ಬೆಂಚಲ್ಲಿ ಒಂದು ಕಣ್ಣಲ್ಲಿ ನಿನ್ನನ್ನೇ ನೋಡ್ತಿದ್ದ. ನಾಚಿಕೆ ಆಗಲಿಲ್ವಾ?’

‘ನನಗೆ ಪ್ರಜ್ಞೆ ಇರಲಿಲ್ಲ ಕಣೇ. ಯಾರು ಎತ್ತಿದ್ರು, ಹೇಗೆ ಬಂದೆ, ನನಗೇನೂ ನೆನಪಿಲ್ಲ. ಕರ್ತನ ಹೆಸರು ಕೂಗಿದ್ದು ಒಂದೇ ನೆನಪಿರೋದು.’

‘ಪ್ರಜ್ಞೆ ಬಂದ ಮೇಲೆ ನಾನು ಹೇಳಲಿಲ್ವಾ? ಆಸ್ಪತ್ರೇಲಿ ಪಕ್ಕದ ಮಂಚದಲ್ಲೇ ಮಲಗಿದ್ನಲ್ಲ, ಅವನೇನು ಅಲ್ಲಿಗೆ ಬಸ್ಸಿಗೆ ಕಾಯೋಕೆ ಬಂದಿದ್ನಾ? ಮುಂದಿನ ವಾರ ಎದ್ದು ನಿಂತು ಸರಿಯಾಗಿ ಹೇಳು.’

‘ದೇವರ ಮುಂದೆ ಹೇಳಿದ ಸಾಕ್ಷಿ ವಾಪಸ್ ತಗೊಳ್ಳೋಕಾಗಲ್ಲ’ ಅಂದ್ರು. ಎದ್ದು ಹೋಗಿ ತಾವೇ ಮುದ್ದೆ ಹಾಕ್ಕೊಂಡ್ರು. ಅವತ್ತಿಂದ ಅವರು ಪ್ರಾರ್ಥನೆ ಮಾಡಿದ್ರೆ ನಾನು ಆಮೆನ್ ಅನ್ನೋದು ಬಿಟ್ಟೆ. ಬಾಯಿ ಬರ್ತಿರಲಿಲ್ಲ, ಏನು ಮಾಡಲಿ? ಸುಳ್ಳು ಸೇರಿದ ಸ್ತೋತ್ರಕ್ಕೆ ಹೇಗ್ರೀ ಆಮೆನ್ ಅನ್ನೋದು?

ಪಾಸ್ಟ್ರು ಮನೆಗೆ ಬಂದಾಗ ಅವರಿಗೂ ಹೇಳ್ದೆ. ವಯಸ್ಸಿನ ಹುಡುಗ, ಒಳ್ಳೆಯವರೇ. ‘ಅಮ್ಮಾ, ಮನುಷ್ಯರಿಗೆ ಮಹಿಮೆ ಕೊಡಬಾರದು ಅಂತ ಅವರು ಹಾಗೆ ಹೇಳಿದ್ದಾರೆ ಅಷ್ಟೆ’ ಅಂದ್ರು.

‘ಮಹಿಮೆ ಯಾರು ಕೇಳಿದ್ರು ಅಯ್ನೋರೆ? ಹೆಸರು ಹೇಳಿ ಅಂದೆ. ದೇವರು ಕಳಿಸಿದ ಆಳನ್ನ ಬಂದೇ ಇಲ್ಲ ಅಂದ್ರೆ, ಕಳಿಸಿದ ಧಣಿಗೆ ಅವಮಾನ ಅಲ್ವಾ?’

ಅವರು ಕಾಫಿ ಕುಡಿದು, ಪ್ರಾರ್ಥನೆಯಲ್ಲಿ ಕೇಳೋಣ ಅಮ್ಮಾ ಅಂದು ಹೋದ್ರು. ಕೇಳೋದೇನಿದೆ ಅದರಲ್ಲಿ?

ಇತ್ತ ಬೇಲಿ ಕಂಡಿಗೆ ಒಂದು ಒಣ ತೆಂಗಿನ ಗರಿ ಅಡ್ಡ ಬಂತು. ಆಡು ನುಗ್ತವೆ ಅಂತೆ. ಅವರ ಮನೇಲೂ ಆಡಿಲ್ಲ, ನಮ್ಮ ಮನೇಲೂ ಆಡಿಲ್ಲ. ಕಾರ್ತಿಕದಲ್ಲಿ ಅವರ ಹಸು ಕರು ಹಾಕ್ತು. ಬೇಲಿ ಈಚೆಯಿಂದ ನೋಡ್ದೆ, ಕೆಂದು ಕರು, ಹಣೇಲಿ ಬಿಳೀ ಚುಕ್ಕೆ. ಅವತ್ತು ಗಿಣ್ಣು ಬರಲಿಲ್ಲ. ಮಾರನೇ ದಿನಾನೂ ಬರಲಿಲ್ಲ. ಆಮೇಲೆ ಹಾಲು ತಿಳಿಯಾಗಿ ಡೈರಿಗೆ ಹೋಗೋಕೆ ಶುರುವಾಯ್ತು. ಗಿಣ್ಣು ತಿನ್ನದೆ ನಾನೇನು ಸಾಯಲ್ಲ. ಆದ್ರೆ ಅವತ್ತು ಒಲೆ ಮುಂದೆ ಕೂತು ಅತ್ತುಬಿಟ್ಟೆ. ಈ ತೋಟದಲ್ಲಿ ನನಗೆ ಅಂತ ಇರೋದು ಅವಳೊಬ್ಬಳು. ಅವಳನ್ನೂ ಈ ಮನುಷ್ಯ ಸ್ತೋತ್ರದ ಹೆಸರಲ್ಲಿ ಕಳೆದುಬಿಟ್ರು.

ಅಳು ನಿಂತ ಮೇಲೆ ಸಿಟ್ಟು ಇನ್ನೂ ಜಾಸ್ತಿ ಆಯ್ತು. ಗಂಗಾಧರಣ್ಣನ ಕಂಬಳಿ ಒಗೆದು ಕೊಡ್ತೀನಿ ಅಂತ ತಂದಿದ್ದು ನಮ್ಮ ಮನೇಲೇ ಇತ್ತು. ಎಷ್ಟು ಒಗೆದ್ರೂ ಅದರ ಉಣ್ಣೇಲಿ ಸಿಕ್ಕಿದ ಮುಳ್ಳು ಹೋಗಿರಲಿಲ್ಲ, ಮುಟ್ಟಿದ್ರೆ ಕೈಗೆ ಚುಚ್ಚೋದು. ಅದನ್ನ ತಗೊಂಡು ನಮ್ಮೋರ ಮಡಿಲಿಗೆ ಎಸೆದೆ. ‘ಎದ್ದೇಳು. ಇದನ್ನ ನೀನೇ ಹೊತ್ಕೊಂಡು ಬಾ. ಬರಲ್ಲ ಅಂದ್ರೆ ನಾನು ನನ್ನ ತಮ್ಮನ ಮನೆಗೆ ಹೋಗ್ತೀನಿ, ನೀನೂ ನಿನ್ನ ಸಾಕ್ಷೀನೂ ಇಲ್ಲೇ ಬಿದ್ದಿರಿ.’ ಮುಖ ಊದಿಸ್ಕೊಂಡೇ ಬಂದ್ರು. ಕಂಡೀಲಿದ್ದ ಗರಿ ನಾನೇ ಎತ್ತಿ ಬಿಸಾಕಿದೆ.

ಗಂಗಾಧರಣ್ಣ ಜಗಲಿ ಮೇಲೆ ಕೂತು ಹಗ್ಗ ಹೊಸೀತಿದ್ದ. ನಮ್ಮೋರು ಹೋಗಿ ಪಕ್ಕದಲ್ಲಿ ನಿಂತ್ರು. ಅವನು ತಿರುಗಿ ನೋಡಲಿಲ್ಲ, ಹಗ್ಗ ಹೊಸೀತಾನೇ ಇದ್ದ. ನಮ್ಮೋರು ನನ್ನ ಕಡೆ ನೋಡಿದ್ರು, ನೋಡಿದ್ಯಾ ಮಾತಾಡಿಸಲ್ಲ ಅನ್ನೋ ಹಂಗೆ. ನಾನೂ ಹಾಗೇ ಅಂದ್ಕೊಂಡೆ.

ಒಳಗಿಂದ ಗೌರಕ್ಕ ಬಂದ್ಲು. ‘ಆ ಕಡೆ ನಿಂತ್ರೆ ಅವ್ರಿಗೆ ಕಾಣ್ಸಲ್ಲ. ಈ ಕಡೆ ಬನ್ನಿ’ ಅಂದ್ಲು.

ನಮ್ಮೋರ ಮುಖ ಅಲ್ಲೇ ಇಳಿದುಹೋಯ್ತು. ಅವರು ನಿಂತಿದ್ದು ಗಂಗಾಧರಣ್ಣನ ಬಲಗಡೆ. ಸುತ್ತಿ ಬಂದು ಎಡಗಡೆ ನಿಂತ್ರು. ಗಂಗಾಧರಣ್ಣ ತಲೆ ಎತ್ತಿ ನೋಡ್ದ.

‘ಓ, ಸುವಾರ್ತಪ್ಪ. ಏನ್ಲಾ?’

‘ತಪ್ಪಾಯ್ತು ಗಂಗಾಧರಣ್ಣ. ಅವತ್ತು ನಿನ್ನ ಹೆಸರು ಬಿಟ್ಟೋಯ್ತು’ ಅಂದ್ರು ನಮ್ಮೋರು. ಬಿಟ್ಟೋಯ್ತಂತೆ, ತಾನಾಗೇ!

ಗಂಗಾಧರಣ್ಣನ ಕೈಯಲ್ಲಿದ್ದ ಹಗ್ಗ ನಿಂತುಹೋಯ್ತು. ಅವನು ಸಿಟ್ಟು ಮಾಡೋನಲ್ಲ. ಅವತ್ತು ಮಾಡ್ದ.

‘ಹೆಸ್ರು ಬುಡ್ಲಾ. ಹೆಸ್ರಿಗೋಸ್ಕರ ಯಾವನ್ಲಾ ಹೆಜ್ಜೇನಿಗೆ ನುಗ್ತಾನೆ? ನಿಮ್ಮ ದೇವ್ರಿಗೆ ನೀನು ಅಡ್ಡಬೀಳು, ಕೈ ಮುಗಿ, ಅದುಕ್ಕೆ ನಾನ್ಯಾರು ಬ್ಯಾಡ ಅನ್ನಾಕೆ? ಆದ್ರೆ ಅವತ್ತು ಏನಂತ ಕೂಗ್ದೆ ಅಂತ ಸುಳ್ಳ್ಯಾಕಲಾ ಹೇಳ್ದೆ?’

‘ಸುಳ್ಳಲ್ಲಣ್ಣ. ಕರ್ತನ ಹೆಸರು...’

‘ಗಂಗಾಧರಣ್ಣೋ, ಸತ್ತೆ ಕಣಣ್ಣೋ ಅಂತ ಕೂಗ್ದೆ ಕಣ್ಲಾ ನೀನು! ಒಂದ್ಸಲ ಅಲ್ಲ, ಉಸ್ರು ನಿಲ್ಲೋಗಂಟ ಅದನ್ನೇ ಕೂಗ್ದೆ. ದನುಕ್ಕೆ ಹುಲ್ಲು ಹಾಕ್ತಿದ್ದೋನು ಹಂಗೇ ಬಿಟ್ಟು ಓಡ್ಬಂದೆ. ಇನ್ಯಾರನ್ನಾದ್ರೂ ಕೂಗಿದ್ರೆ ನಾನ್ಯಾಕ್ಲಾ ಬತ್ತಿದ್ದೆ?’

ಗೌರಕ್ಕ ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತಿದ್ಲು. ‘ನಂಗೂ ಕೇಳುಸ್ತು. ಕೊಟ್ಟಿಗೇಲಿದ್ದೆ’ ಅಂದ್ಲು.

ನಮ್ಮೋರು ಅಂಗಳದಲ್ಲಿ ಕುಕ್ಕರಿಸಿಬಿಟ್ರು. ಕಂಬಳಿ ಮುಖಕ್ಕೆ ಒತ್ಕೊಂಡ್ರು. ಅವರ ಭುಜ ಅಲ್ಲಾಡ್ತಿತ್ತು. ನೆನಪಾಯ್ತು ಅಂತ ನನಗೆ ಗೊತ್ತಾಯ್ತು. ಕರ್ತನ ಹೆಸರು ಕೂಗಿದೆ ಅಂದಿದ್ದು ಬೇಕಂತ ಹೇಳಿದ ಸುಳ್ಳಲ್ಲ, ಹೇಳ್ತಾ ಹೇಳ್ತಾ ಅವರೇ ನಂಬಿಬಿಟ್ಟಿದ್ರು. ಆದ್ರೂ ನನಗೇನೂ ಕನಿಕರ ಬರಲಿಲ್ಲ. ಕರೆದ ಹೆಸರನ್ನೇ ನುಂಗಿಬಿಡೋದು ಅಂದ್ರೇನು? ಅದೂ ಚರ್ಚಲ್ಲಿ ನಿಂತು!

‘ಕಂಬಳಿ ಅಲ್ಲಿಕ್ಕೋಗು’ ಅಂದ ಗಂಗಾಧರಣ್ಣ. ಮತ್ತೆ ಹಗ್ಗ ಹಿಡ್ಕೊಂಡ.

ನಾನು ನಿಂತೇ ಇದ್ದೆ. ಗೌರಕ್ಕ ಮೆಟ್ಟಿಲಿಳಿದು ಬಂದು ನನ್ನ ಮುಂದೆ ನಿಂತ್ಲು. ‘ನೀನ್ಯಾಕೇ ಹಿಂಗೆ ನಿಂತಿದೀಯ ಕಂಬದಂಗೆ? ಕಂಡೀಲಿ ಗರಿ ಅಡ್ಡ ಇಟ್ರೆ ಈಚೆ ಕಡೆಯಿಂದ ಎತ್ತಿ ಬಿಸಾಕೋಕೆ ಇಷ್ಟು ದಿನ ಬೇಕಿತ್ತೇನೇ ನಿಂಗೆ? ಕರ್ಕೊಂಡೋಗು ನಿನ್ನ ಗಂಡನ್ನ, ಹೋಗೇ ಎಸ್ತ್ರೂ’ ಅಂತ ಬೈದ್ಲು. ಬೈಸ್ಕೊಂಡು ನನಗೆ ಅಷ್ಟು ಸಮಾಧಾನ ಯಾವತ್ತೂ ಆಗಿರಲಿಲ್ಲ.

ಆ ವಾರ ನಮ್ಮೋರು ಮಾತು ಕಮ್ಮಿ ಮಾಡಿದ್ರು. ಊಟಕ್ಕೆ ಕೂತು ಕಣ್ಣು ಮುಚ್ಚೋರು, ಬಾಯಿ ಬಿಡೋರು, ಮಾತು ಸಿಗದೆ ಹಾಗೇ ಕಣ್ಣು ಬಿಟ್ಟು ಉಣ್ಣೋರು. ನಾನೂ ಏನೂ ಕೇಳಲಿಲ್ಲ. ನನ್ನ ಸಿಟ್ಟು ಇಳಿದಿರಲಿಲ್ಲ.

ಭಾನುವಾರ ಚರ್ಚಲ್ಲಿ ಸಾಕ್ಷಿ ಹೇಳೋರು ಎದ್ದೇಳಿ ಅಂತ ಪಾಸ್ಟ್ರು ಅಂದ್ರು. ಗಂಡಸರ ಕಡೆಯಿಂದ ನಮ್ಮೋರು ಎದ್ರು. ಮೈಕು ಕೊಡೋಕೆ ಬಂದ್ರೆ ಬೇಡ ಅಂದ್ರು. ಸಾಕ್ಷಿ ರಾಗ ಇರಲಿಲ್ಲ, ತೋಟದಲ್ಲಿ ಮಾತಾಡೋ ಹಂಗೆ ಮಾತಾಡಿದ್ರು.

‘ಹೋದ ಸಲ ಇಲ್ಲಿ ನಿಂತು ನಾನು ಸುಳ್ಳು ಹೇಳ್ದೆ. ತೋಟದಲ್ಲಿ ಯಾರೂ ಇರಲಿಲ್ಲ ಅಂದೆ. ಗಂಗಾಧರಣ್ಣ ಇದ್ದ. ತನ್ನ ಕಂಬಳಿ ತೆಗೆದು ನನಗೆ ಸುತ್ತಿ, ಬರೀ ಮೈಯಲ್ಲಿ ನನ್ನ ಹೊತ್ಕೊಂಡು ಬಂದ. ಅವನ ಒಂದು ಕಣ್ಣು ಹೋಯ್ತು. ಇದೇ ಹಿಂದಿನ ಬೆಂಚಲ್ಲಿ ಅವನನ್ನ ಕೂರಿಸ್ಕೊಂಡು ಯಾರೂ ಇರಲಿಲ್ಲ ಅಂದೆ. ಕರ್ತನ ಹೆಸರು ಕೂಗಿದೆ ಅಂದಿದ್ದೂ ಸುಳ್ಳು. ನಾನು ಕೂಗಿದ್ದು ಗಂಗಾಧರಣ್ಣನ್ನ.’

ಯಾರೂ ಹಲ್ಲೆಲೂಯ ಅನ್ನಲಿಲ್ಲ. ಎಲ್ಲಿ ಅನ್ನಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ಪಾಸ್ಟ್ರಿಗೆ ಪಾಪ ಇವರನ್ನ ಹೇಗಾದ್ರೂ ದಡ ಸೇರಿಸೋಣ ಅನ್ನಿಸ್ತೇನೋ, ‘ಅದಾದ ಮೇಲೆ ಕರ್ತನ ನಾಮ ಕರೆದಿರಿ ಅಲ್ಲವೇ ಸಹೋದರರೇ?’ ಅಂದ್ರು.

‘ಇಲ್ಲ ಅಯ್ನೋರೆ’ ಅಂದ್ರು ನಮ್ಮೋರು. ‘ಬಾಯಿಗೆ ಬರಲೇ ಇಲ್ಲ. ಇಷ್ಟು ವರ್ಷ ಇಲ್ಲಿಗೆ ಬಂದಿದೀನಿ, ಸಾಯೋ ಹೊತ್ತಲ್ಲಿ ಆ ಹೆಸರು ಬಾಯಿಗೆ ಬರಲಿಲ್ಲ. ನಾನು ಕರ್ತನನ್ನ ಕರೀಲಿಲ್ಲ.’ ಹೆಗಲ ಮೇಲಿನ ಟವಲ್ಲಲ್ಲಿ ಮುಖ ಒರೆಸ್ಕೊಂಡ್ರು. ‘ಕರೀದೇ ಇದ್ರೂ ಬಂದ. ಗಂಗಾಧರಣ್ಣನ ಕಂಬಳಿ ಹೊದ್ಕೊಂಡು ಬಂದ. ಅದಕ್ಕೆ ಸ್ತೋತ್ರ.’

ಅಷ್ಟೇ ಹೇಳಿ ಕೂತುಬಿಟ್ರು.

ಆಮೆನ್ ಅಂದೆ ನಾನು. ಅದು ಬೈಗುಳದಷ್ಟು ಜೋರಾಗಿ ಬಂತು, ಮುಂದಿನ ಬೆಂಚಿನೋರೆಲ್ಲ ತಿರುಗಿ ನೋಡಿದ್ರು.